ಹಗಲಿಗೆ ಕಟ್ಟಿದ ಕಂಬಳಿ

“ಈಗ ಬೆಳಗಾ, ಸಂಜೆನಾ?”

ಹಿಂದಿನ ಕೋಣೆಯಿಂದ ಬಂದ ಈ ಪ್ರಶ್ನೆ ಯಾರನ್ನೂ ಕುರಿತದ್ದಲ್ಲ. ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಬ್ರೆಡ್ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಆ ಮನೆಯ ಯಜಮಾನ ನಿದ್ದೆಯಿಂದ ಎದ್ದ ಕೂಡಲೇ ಕತ್ತಲೆಯನ್ನು ಕೇಳುವ ಮಾತು ಅದು. ಕೆಲಸದ ಜಾಗದಲ್ಲಿ ಅವನನ್ನು ಎಲ್ಲರೂ ಒಲೆಯಣ್ಣ ಅನ್ನುತ್ತಿದ್ದರು. ಮೊದಮೊದಲು ಅವನು ಅದನ್ನು ತಮಾಷೆಗೆ ಕೇಳುತ್ತಿದ್ದ. ಬಾಗಿಲಾಚೆಯಿಂದ ಅವನ ತಾಯಿ, ನಿನಗೆ ಬೆಳಗು, ನಮಗೆ ಸಂಜೆ, ಎದ್ದು ಬಾ ಮಗಾ ಎಂದು ಮೆಲ್ಲಗೆ ನಗುತ್ತಿದ್ದಳು. ಈಚೆಗೆ ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಎದ್ದು ಕೂತು, ಅಂಗೈಯಿಂದ ಮುಖ ಒರೆಸಿಕೊಂಡು, ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ.

ಮಗಳು ಹುಟ್ಟಿದ ವರ್ಷ ಹಿಡಿದ ಕೆಲಸ. ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ರಾತ್ರಿ ಹಿಟ್ಟು ನಾದಿ, ಅದು ಉಬ್ಬಿದ ಮೇಲೆ ಅಚ್ಚಿಗೆ ಹಾಕಿ, ಉದ್ದ ಹಿಡಿಯ ಮರದ ಸಲಿಕೆಯಿಂದ ಒಲೆಯ ಬಾಯೊಳಗೆ ತಳ್ಳಿ, ಬೆಂದದ್ದನ್ನು ತಳ ತಟ್ಟಿ ಸದ್ದಿನಿಂದಲೇ ಹದ ತಿಳಿದು ಹೊರಗೆಳೆಯುವುದು ಅವನ ಕೆಲಸ. ಬ್ರೆಡ್ಡಿನ ಗಾಡಿಗಳು ಹೊರಟ ಮೇಲೆ ಕಿವಿಯ ಮಡಿಕೆಯಲ್ಲಿ ಹಿಟ್ಟು ಹಾಗೇ ಇಟ್ಟುಕೊಂಡು, ಬೆಳಕು ಹರಿಯುವ ಹೊತ್ತಿಗೆ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದ.

ಹಿಂದಿನ ಕೋಣೆಯ ಕಿಟಕಿ ಪೂರ್ವಕ್ಕಿತ್ತು. ಅವನು ಕಾಲು ಚಾಚುವುದಕ್ಕೂ ಬಿಸಿಲು ಹಾಸಿಗೆಯ ಮೇಲೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಅದಕ್ಕೆ ಹೆಂಡತಿ ಒಂದು ದಪ್ಪ ಕರಿ ಕಂಬಳಿಯ ಅಂಚಿಗೆ ಬಟ್ಟೆಯ ಕುಣಿಕೆಗಳನ್ನು ಹೊಲಿದಿದ್ದಳು. ಕಿಟಕಿಯ ಚೌಕಟ್ಟಿನ ಸುತ್ತ ಮೊಳೆಗಳಿದ್ದವು. ದಿನಾ ಬೆಳಗಾಗುತ್ತಲೇ ಕುಣಿಕೆಗಳನ್ನು ಮೊಳೆಗೆ ಸಿಕ್ಕಿಸಿ ಕಂಬಳಿ ಕಟ್ಟುವುದು ಮಗಳ ಪಾಲಿನ ಕೆಲಸ. ಸ್ಟೂಲಿನ ಮೇಲೆ ನಿಂತರೂ ಮೇಲಿನ ಮೊಳೆ ಎಟುಕದ ವಯಸ್ಸಿನಿಂದ ಮಾಡುತ್ತ ಬಂದಿದ್ದಳು. ಆಗ ಅಜ್ಜಿ ಅವಳನ್ನು ಎತ್ತಿ ಹಿಡಿಯುತ್ತಿದ್ದಳು.

ಕತ್ತಲೆಯನ್ನೇನೋ ಕಂಬಳಿ ಕೊಟ್ಟಿತು. ಸದ್ದಿಲ್ಲದ ಹಗಲನ್ನು ಮನೆಯವರೇ ಕೊಡಬೇಕಾಯಿತು. ಕುಕ್ಕರ್ ಅಟ್ಟ ಸೇರಿತು, ಅನ್ನ ತಪ್ಪಲೆಯಲ್ಲಿ ಬೆಂದಿತು. ಬಾಗಿಲ ತಿರುಗಣಿಗೆ ವಾರಕ್ಕೊಮ್ಮೆ ಅಡುಗೆ ಎಣ್ಣೆ ಬಿತ್ತು. ಒಲೆಯಣ್ಣನ ಹೆಂಡತಿ ಬೀದಿಯವರಿಗೆಲ್ಲ ಟೈಲರಮ್ಮ. ಹೊಲಿಗೆ ಯಂತ್ರವನ್ನು ಗಂಡ ಕೆಲಸಕ್ಕೆ ಹೋದ ಮೇಲೆ ತುಳಿಯುತ್ತಿದ್ದಳು; ಹಗಲೆಲ್ಲ ಗುಂಡಿ ಹಾಕುವುದು, ಅಂಚು ಮಡಿಸುವುದು, ಬರೀ ಕೈಕೆಲಸ. ಮಗಳು ಹೆಜ್ಜೆಯ ಸದ್ದೇ ಇಲ್ಲದೆ ಓಡಾಡುವುದನ್ನು ಕಲಿತು ‘ಬೆಕ್ಕು’ ಎಂಬ ಅಡ್ಡಹೆಸರು ಪಡೆದಳು. ಯಾರಾದರೂ ಗಂಟಲೆತ್ತಿದರೆ ಇನ್ನೊಬ್ಬರು ತುಟಿಯ ಮೇಲೆ ಬೆರಳಿಡುತ್ತಿದ್ದರು. ಅದೇ ಮನೆಯ ಕಾನೂನು. ಪಕ್ಕದ ಮನೆಯಾಕೆ ಒಮ್ಮೆ ಸಕ್ಕರೆಗೆಂದು ಬಂದವಳು, ಒಳಗೆ ಜನ ಇದ್ದಾರೋ ಫೋಟೋಗಳು ಕೂತಿವೆಯೋ ಎಂದು ಕೇಳಿ ಹೋಗಿದ್ದಳು.

ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಟ್ಟವಳು ಅಜ್ಜಿ. ಅವಳಿಗೆ ಓದು ಬರದು. ತನ್ನ ತಂದೆ ಹೇಳುತ್ತಿದ್ದ ಪದ್ಯಗಳನ್ನು ಕಿವಿಯಿಂದಲೇ ಕಲಿತಿದ್ದಳು. ಅದರಲ್ಲೊಂದು ಬೆಳಕನ್ನು ಕರೆಯುವ ಪದ್ಯ. ಪೂರ್ವ ಕೆಂಪಾಗುವಾಗ ಶುರುಮಾಡಿ ಬಿಸಿಲು ಅಂಗಳಕ್ಕಿಳಿಯುವಾಗ ಮುಗಿಸಬೇಕು. ಒಂದು ಕಾಲದಲ್ಲಿ ಅವಳ ದನಿ ಬೀದಿಯ ಕೊನೆಗೂ ಕೇಳುತ್ತಿತ್ತಂತೆ. ಮಗ ರಾತ್ರಿ ಕೆಲಸಕ್ಕೆ ಸೇರಿದ ಮೇಲೆ ಅವನು ಮಲಗುವ ಹೊತ್ತೇ ಪದ್ಯದ ಹೊತ್ತೂ ಆಯಿತು. ಅಂದಿನಿಂದ ತುಟಿ ಮಾತ್ರ ಆಡಿಸುತ್ತಿದ್ದಳು. ಹೀಗೆ ಹೇಳಿದರೆ ದೇವರಿಗೆ ಕೇಳುತ್ತದೆಯೇ ಎಂದು ಬೆಕ್ಕು ಚಿಕ್ಕವಳಿದ್ದಾಗ ಪಿಸುಗುಟ್ಟಿದ್ದಳು.

“ದೇವರಿಗೆ ಕಿವಿ ಚೆನ್ನಾಗಿದೆ ಕಣೆ. ನನ್ನ ಮಗನಿಗೆ ನಿದ್ದೆ ಚೆನ್ನಾಗಿಲ್ಲ.”

ಮೊಮ್ಮಗಳು ಆ ಪದ್ಯವನ್ನು ಒಮ್ಮೆಯೂ ಕಿವಿಯಾರೆ ಕೇಳಲಿಲ್ಲ. ಅಜ್ಜಿಯ ತುಟಿಯಿಂದಲೇ ಪೂರ್ತಿ ಕಲಿತಳು.

ಒಲೆಯಣ್ಣನ ಮೈ ಕೆಟ್ಟದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಎದೆಯುರಿ. ಆಮೇಲೆ ಹೊಟ್ಟೆ ಬಂತು, ಹಸಿವು ಹೋಯಿತು. ಮನೆಗೆ ಬಂದು ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದ; ಬೇಕರಿಯಲ್ಲಿ ಮಾತ್ರ ಚಹಾದಲ್ಲಿ ಅದ್ದಿ ಅದ್ದಿ ಬನ್ನು ತಿನ್ನುತ್ತಿದ್ದ. ವಾರದ ರಜೆಯ ದಿನ ಎಲ್ಲರಂತೆ ಹಗಲು ಎಚ್ಚರವಿರಲು ಹೋಗಿ, ಇಡೀ ದಿನ ತಲೆ ಹಿಡಿದುಕೊಂಡು ಕೂತು ಕಂಡಕಂಡವರ ಮೇಲೆ ರೇಗುತ್ತಿದ್ದ. ಒಂದು ಬೆಳಿಗ್ಗೆ ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದ. ನಿಂತಲ್ಲೇ ತೂಕಡಿಸಿ ಒಲೆಯ ಬಾಯಿಗೆ ಕೈ ತಾಗಿಸಿಕೊಂಡಿದ್ದ.

ಟೈಲರಮ್ಮ ಅವನನ್ನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಹೆಂಗಸು, ಸಮಾಧಾನಿ. ಸುಟ್ಟ ಗಾಯ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಶುರುವಾಗಿದೆ, ಬಿಪಿಯೂ ಏರಿದೆ ಎಂದರು. ದೇಹಕ್ಕೆ ತನ್ನದೇ ಒಂದು ದಿನಚರಿ ಉಂಟು ಎಂದು ಬಿಡಿಸಿ ಹೇಳಿದರು. “ಮಿದುಳು ಬೆಳಕು ನೋಡಿ ಹೊತ್ತು ತಿಳ್ಕೊಳ್ಳುತ್ತೆ. ಹೊಟ್ಟೆ ಊಟ ನೋಡಿ ತಿಳ್ಕೊಳ್ಳುತ್ತೆ. ನಿಮ್ಮ ಮೈಯಲ್ಲಿ ಒಬ್ಬರು ಹೇಳೋದು ಇನ್ನೊಬ್ಬರಿಗೆ ಕೇಳ್ತಾ ಇಲ್ಲ.”

“ನಮ್ಮ ಮನೇಲೂ ಹಾಗೇ ಡಾಕ್ಟ್ರೇ,” ಅಂದಳು ಟೈಲರಮ್ಮ. “ಎಲ್ಲರೂ ಪಿಸುಗುಟ್ಟೋರೇ.”

ಇಷ್ಟು ವರ್ಷ ಆಯಿತಲ್ಲ, ನನ್ನ ಮೈಗೆ ರೂಢಿಯಾಗಿದೆ ಎಂದ ಒಲೆಯಣ್ಣ. ಮೈಗೆ ರೂಢಿಯಾಗಿಲ್ಲ, ನಿಮಗೆ ರೂಢಿಯಾಗಿದೆ ಅಷ್ಟೆ, ಸಾಧ್ಯವಾದರೆ ಹಗಲು ಕೆಲಸಕ್ಕೆ ಬದಲಾಯಿಸಿಕೊಳ್ಳಿ ಎಂದರು ಡಾಕ್ಟರು.

ಮನೆಯಲ್ಲಿ ಸೊಸೆ ಇದನ್ನೆಲ್ಲ ಅತ್ತೆಗೆ ತನ್ನದೇ ಧಾಟಿಯಲ್ಲಿ ಒಪ್ಪಿಸಿದಳು. ಹೊಟ್ಟೆಯೊಳಗೆ ಒಬ್ಬ ಗುಮಾಸ್ತ ಇದ್ದಾನಂತೆ ಅತ್ತೆ, ಸಂಜೆಯಾದರೆ ಬೀಗ ಹಾಕಿಕೊಂಡು ಹೋಗುತ್ತಾನಂತೆ, ನಿಮ್ಮ ಮಗ ಆಮೇಲೆ ಹೋಗಿ ಬಾಗಿಲು ಬಡಿಯುತ್ತಾರಂತೆ ಎಂದಳು. ಅಜ್ಜಿ ನಗಲಿಲ್ಲ. ಹೊಟ್ಟೆ ಊಟ ನೋಡಿ ಹೊತ್ತು ತಿಳಿಯುತ್ತದೆ ಎಂಬ ಒಂದು ಮಾತನ್ನು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಹಗಲು ಕೆಲಸದ ಮಾತಿಗೆ ಗಂಡಹೆಂಡಿರ ನಡುವೆ ಜಗಳ ಹತ್ತಿತು. ಆ ಮನೆಯ ಜಗಳಗಳೂ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಇವರೇನೋ ಸರಸವಾಡುತ್ತಿದ್ದಾರೆ ಅನ್ನಬೇಕು, ಹಾಗೆ. ಪ್ಯಾಕಿಂಗ್ ಕೋಣೆಯಲ್ಲಿ ಜಾಗ ಇದೆಯೆಂದು ಬೇಕರಿಯ ಮಾಲೀಕ ತಾನೇ ಹೇಳಿದ್ದ. ಸಂಬಳ ಕಡಿಮೆ, ರಾತ್ರಿ ಭತ್ಯೆ ಇಲ್ಲ.

“ಒಲೆ ಮುಂದೆ ನಿಂತವನು ಹೋಗಿ ಕಾಗದ ಸುತ್ತುತ್ತಾ ಕೂರಲಾ?” ಅಂದ ಒಲೆಯಣ್ಣ.

“ಕಾಗದ ಸುಡಲ್ವಲ್ಲ. ಸುತ್ತಿ.”

“ನಿನಗೆ ಗೊತ್ತಾಗಲ್ಲ ಬಿಡು. ಹಿಟ್ಟು ನನ್ನ ಮಾತು ಕೇಳುತ್ತೆ.”

“ಮೈ ಕೇಳಲ್ಲವಲ್ಲ ರೀ.”

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮಾರನೆಯ ಬೆಳಿಗ್ಗೆ ಅವನು ಬಂದಾಗ ಕೋಣೆಯಲ್ಲಿ ಎರಡು ತಟ್ಟೆಗಳಿದ್ದವು. ಕಂಬಳಿ ಆಗಲೇ ಕಟ್ಟಿತ್ತು, ಚಿಕ್ಕ ದೀಪ ಉರಿಯುತ್ತಿತ್ತು. ಅನ್ನ, ಬೇಳೆ ಸಾರು, ಎರಡು ಬಗೆಯ ಪಲ್ಯ, ರಾತ್ರಿಯೂಟದ ಹಾಗೆ ಬಡಿಸಿಟ್ಟು ಅಜ್ಜಿ ಒಂದು ತಟ್ಟೆಯ ಮುಂದೆ ತಾನೇ ಕೂತಿದ್ದಳು. ಇದೇನಮ್ಮ ಎಂದದ್ದಕ್ಕೆ, ರಾತ್ರಿಯೂಟ, ಕೂತ್ಕೋ ಎಂದಳು. “ಒಬ್ಬನೇ ತಿಂದರೆ ನಿನ್ನ ಹೊಟ್ಟೆಗೆ ಅನುಮಾನ ಬರುತ್ತೆ. ಜೊತೇಲಿ ತಾಯಿ ಕೂತು ಉಂಡರೆ ಇದು ರಾತ್ರಿ ಅಂತ ನಂಬುತ್ತೆ.”

ಅವನು ನಕ್ಕುಬಿಟ್ಟ. ನಕ್ಕವನು ಉಂಡ. ಎಷ್ಟೋ ದಿನಗಳ ಮೇಲೆ ಎರಡನೆಯ ಸಲ ಅನ್ನ ಬಡಿಸಿಕೊಂಡ. ಬಾಗಿಲ ಸಂದಿಯಿಂದ ನೋಡಿದ ಟೈಲರಮ್ಮನ ಕಣ್ಣು ತುಂಬಿತು. ಇದು ತಪ್ಪು ಎಂದು ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಹೀಗೆ ಅಜ್ಜಿಯೂ ದಿನವನ್ನು ತಿರುವಿ ಹಾಕಿಕೊಂಡಳು. ಮಗನ ರಾತ್ರಿ ನನಗೂ ರಾತ್ರಿ ಎಂದಳು. ಅವಳಿಗೂ ಸಕ್ಕರೆ ಕಾಯಿಲೆ ಇತ್ತು, ಹಳೆಯದು. ರಾತ್ರಿಯೂಟದ ಮಾತ್ರೆಯನ್ನು ಬೆಳಗಿನ ಜಾವ ನುಂಗಿ, ಭರ್ತಿ ಊಟ ಮಾಡಿ, ನಡುಮನೆಯ ಬೆಳಕಿನಲ್ಲಿ ಸೆರಗು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದಳು. ಅವಳ ಪಾಲಿಗೆ ಕಂಬಳಿ ಇರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ಸದ್ದಾಗುತ್ತದೆಂದು ಊಟಕ್ಕೇಳುತ್ತಿರಲಿಲ್ಲ. ಸಂಜೆ ಮಗ ಎದ್ದಾಗ ಅವನ ಜೊತೆ ಒಂದಿಷ್ಟು ಬಾಯಿಗೆ ಹಾಕಿಕೊಂಡರೆ ಆಯಿತು. ರಾತ್ರಿಯೆಲ್ಲ ಗೋಡೆಗೊರಗಿ ಕೂತು ಅವನು ಬರುವುದನ್ನು ಕಾಯುತ್ತಿದ್ದಳು. ಸೊಸೆ ಒಂದೆರಡು ಸಲ ಗದರಿದಳು. ನಿದ್ದೆಗೆ ಹಾಸಿಗೆ ಬೇಡ, ಹಸಿವಿಗೆ ರುಚಿ ಬೇಡ, ಮುದುಕಿಗೆ ಎರಡೂ ಬೇಡ ಎಂದು ಅಜ್ಜಿ ಮಾತು ಹಾರಿಸಿದಳು. ಅವನು ಉಣ್ಣುತ್ತಿದ್ದಾನಲ್ಲ ಎಂದು ಸೊಸೆಯೂ ಸುಮ್ಮನಾದಳು.

ಅಜ್ಜಿ ಹದ ತಪ್ಪುತ್ತಿರುವುದನ್ನು ಮೊದಲು ಕಂಡುಕೊಂಡವಳು ಬೆಕ್ಕು. ಅಜ್ಜಿ ಸಂಜೆ ಹೊತ್ತು ಸೊಪ್ಪು ಸೋಸುತ್ತ ಎಲೆ ಎಸೆದು ದಂಟು ಬಟ್ಟಲಿಗೆ ಹಾಕುತ್ತಿದ್ದಳು. ಮಾತಿನ ನಡುವೆ ಹೆಸರು ಮರೆಯುತ್ತಿದ್ದಳು. ಒಂದು ಬೆಳಿಗ್ಗೆ ಕಂಬಳಿ ಕಟ್ಟಿ ಬಂದ ಬೆಕ್ಕು, ಅಜ್ಜಿಯ ತುಟಿ ನೋಡುತ್ತ ನಿಂತಿದ್ದವಳು ತಟ್ಟನೆ ಅವಳ ಕೈ ಹಿಡಿದಳು.

“ಅಜ್ಜಿ, ನಡುವೆ ಒಂದು ಸಾಲು ಬಿಟ್ಟೆ.”

“ಇಲ್ಲವೇ.”

“ಬಿಟ್ಟೆ. ಕತ್ತಲೆಯ ಬಾಗಿಲು ತೆರೆದ ಮೇಲೆ ಹಕ್ಕಿಗಳ ಸಾಲು ಬರಬೇಕು.”

ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಆ ಸಾಲು ಬರಲಿಲ್ಲ. ನನ್ನ ನಾಲಿಗೆಗೂ ನಿನ್ನಪ್ಪನ ಡ್ಯೂಟಿ ಬಿದ್ದಿದೆ, ಹಗಲು ಮಲಗುತ್ತೆ ಎಂದು ನಕ್ಕಳು. ಬೆಕ್ಕು ಇದನ್ನು ತಾಯಿಗೆ ಹೇಳಿದಳು. ವಯಸ್ಸಾಯಿತಲ್ಲವೇ ಎಂದಳು ತಾಯಿ. ಹೇಳುವಾಗ ಅವಳ ಬಾಯಲ್ಲಿ ಸೂಜಿ ಇತ್ತು.

ಅದಾದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ, ಟೈಲರಮ್ಮ ಹೊಲಿದ ಶಾಲೆಯ ಸಮವಸ್ತ್ರಗಳನ್ನು ಮನೆಮನೆಗೆ ಕೊಟ್ಟುಬರಲು ಹೋಗಿದ್ದಳು. ಬೆಕ್ಕು ಕಾಲೇಜಿನಿಂದ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಎಂದಿನಂತೆ ಸದ್ದಿಲ್ಲದೆ ಒಳಗೆ ಬಂದಳು. ಅಜ್ಜಿ ಅಡುಗೆಮನೆಯಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ನೀರಿನ ತಂಬಿಗೆ ಪಕ್ಕದಲ್ಲಿತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ. ಕೈ ಸೋಲುತ್ತಿದ್ದಾಗಲೂ ಅದನ್ನು ಮೆಲ್ಲಗೆ ಕೆಳಗಿಟ್ಟಿದ್ದಳು. ಬಾಯಿ ಒಂದು ಕಡೆಗೆ ಜಾರಿತ್ತು. ಎಡಗೈ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿತ್ತು.

ಮೊಮ್ಮಗಳ ಬಾಯಿ ಕೂಗಲು ತೆರೆಯಿತು. ಅಜ್ಜಿ ಬಲಗೈ ಎತ್ತಿದಳು. ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು.

ಬೆಕ್ಕು ಕೂಗಲಿಲ್ಲ.

ಹಿಂದಿನ ಕೋಣೆ ನಾಲ್ಕು ಮಾರಿನಾಚೆ. ತಂದೆ ಅಲ್ಲಿ ಮಲಗಿದ್ದ, ಸ್ಕೂಟರ್ ಅವನ ಕಿಟಕಿಯ ಕೆಳಗೇ ನಿಂತಿತ್ತು. ಅವಳು ತುದಿಗಾಲಲ್ಲಿ ಹೊರಗೆ ಬಂದು, ಗೇಟು ಕಿರುಗುಟ್ಟದಂತೆ ಎತ್ತಿ ಸರಿಸಿ, ಬೀದಿಯ ತಿರುವು ದಾಟಿದ ಮೇಲೆ ಓಡತೊಡಗಿದಳು. ತಾಯಿ ಒಂದು ಮನೆಯಲ್ಲಿ ಇರಲಿಲ್ಲ, ಇನ್ನೊಂದರಲ್ಲೂ ಇರಲಿಲ್ಲ. ಮೂರನೆಯ ಕಡೆ ಸಿಕ್ಕಳು. ಅಲ್ಲಿಂದ ಆಟೋ ಹುಡುಕಿ, ಮನೆಗೆ ಬಂದು, ಇಬ್ಬರೂ ಅಜ್ಜಿಯನ್ನು ಎತ್ತಿಕೊಂಡು ಹೋಗುವಾಗಲೂ ಮಾತಾಡಲಿಲ್ಲ. ಆಟೋದವನು ಹಾರ್ನ್ ಹೊಡೆದಾಗ ಟೈಲರಮ್ಮ, ಶ್, ಒಳಗೆ ಮಲಗಿದ್ದಾರೆ ಎಂದಳು. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನು ನೆನೆದು ಸೆರಗು ಬಾಯಿಗೆ ತುರುಕಿಕೊಂಡಳು.

ಸಂಜೆ ಒಲೆಯಣ್ಣ ಎದ್ದ. ಬೆಳಗೋ ಸಂಜೆಯೋ ಎಂದು ಕೇಳಿದ. ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ತುಂಬಿದ ತಂಬಿಗೆ ಇತ್ತು. ಅದನ್ನೆತ್ತಿ ನೀರು ಕುಡಿದು, ಎಲ್ಲಿ ಹೋದರು ಇವರು ಎಂದುಕೊಂಡು ಬಾಗಿಲಿಗೆ ಬಂದಾಗ ಪಕ್ಕದ ಮನೆಯಾಕೆ ಹೇಳಿದಳು.

ಲಕ್ವ ಹೊಡೆದಿದೆ ಎಂದರು ಆಸ್ಪತ್ರೆಯಲ್ಲಿ. ಇದೇ ಕಾರಣ ಎಂದು ಒಂದನ್ನು ತೋರಿಸಲಾಗದು, ವಯಸ್ಸಿದೆ, ಸಕ್ಕರೆ ಇದೆ, ನಿದ್ದೆ ಊಟ ಮಾತ್ರೆ ಎಲ್ಲ ಏರುಪೇರಾಗಿತ್ತು ಎಂದರು. ಇನ್ನಷ್ಟು ಬೇಗ ಕರೆತಂದಿದ್ದರೆ ಎಂದು ಶುರುಮಾಡಿದ ಮಾತನ್ನು, ಬೆಕ್ಕಿನ ಮುಖ ನೋಡಿ ಮುಗಿಸಲಿಲ್ಲ.

“ನನ್ನನ್ನ ಯಾಕಮ್ಮ ಎಬ್ಬಿಸಲಿಲ್ಲ?” ಎಂದು ಒಲೆಯಣ್ಣ ಮಗಳನ್ನು ಕೇಳಿದ್ದು ಒಂದೇ ಸಲ.

“ಅಜ್ಜಿ ಬೇಡ ಅಂದಳು ಅಪ್ಪ.”

ಅವನು ಗೋಡೆಯ ಕಡೆ ನೋಡಿದ.

ಅಜ್ಜಿಯನ್ನು ಮನೆಗೆ ತಂದಾಗ ಎಡಭಾಗ ಬಿದ್ದಿತ್ತು, ಮಾತು ಹೋಗಿತ್ತು. ಮಂಚವಿದ್ದದ್ದು ಹಿಂದಿನ ಕೋಣೆಯಲ್ಲಿ ಮಾತ್ರ, ಅಲ್ಲೇ ಮಲಗಿಸಿದರು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಕಣ್ಣು ತೆರೆದು ಬಾಗಿಲನ್ನೇ ನೋಡುವಳು. ಹಗಲು ಕಿಟಕಿ ತೆಗೆದಿಡಿ, ಬಿಸಿಲು ಮುಖಕ್ಕೆ ಬರಲಿ, ಹೊತ್ತು ಹೊತ್ತಿಗೆ ಉಣಿಸಿ, ರಾತ್ರಿ ಕತ್ತಲೆ ಮಾಡಿ, ಮೈ ಮತ್ತೆ ಹೊತ್ತು ಕಲಿಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬೆಕ್ಕು ಸ್ಟೂಲು ಹತ್ತಿ ಕಂಬಳಿ ಬಿಚ್ಚಿದಳು. ಮಡಿಸುವಾಗ ಅದರಿಂದ ಹಿಟ್ಟಿನ ವಾಸನೆ ಬಂತು.

ಒಲೆಯಣ್ಣ ರಜೆ ಹಾಕಿದ್ದ. ತಾಯಿಯನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು, ಎಲ್ಲ ಮಾಡಿದ. ಹಿಟ್ಟು ನಾದಿದ ಕೈ, ಹಗುರಾಗಿತ್ತು. ಗಂಜಿ ಉಣಿಸುವಾಗ ಅವಳು ಅರ್ಧಕ್ಕೆ ಬಾಯಿ ಮುಚ್ಚಿದರೆ ತಾನೂ ಒಂದು ತಟ್ಟೆ ತಂದಿಟ್ಟುಕೊಂಡು ಎದುರು ಕೂತು ಉಣ್ಣುತ್ತಿದ್ದ. ಆಗ ಅವಳು ಬಾಯಿ ತೆರೆಯುತ್ತಿದ್ದಳು. ಹಗಲು ಉಂಡು ಇರುಳು ಮಲಗುವುದು ಅವನಿಗೂ ಕಷ್ಟವಾಯಿತು. ಹೊರಳಾಡಿದ, ರೇಗಿದ. ವಾರಗಳು ಕಳೆದಂತೆ ಎದೆಯುರಿ ತಗ್ಗಿತು. ಅದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ.

ಅಜ್ಜಿಯ ಕಣ್ಣೂ ನಿಧಾನವಾಗಿ ರಾತ್ರಿ ಮುಚ್ಚತೊಡಗಿತು. ಒಂದು ಬೆಳಿಗ್ಗೆ, ಬಿಸಿಲು ಹಾಸಿಗೆಯ ಕಾಲುದೆಸೆಯಿಂದ ಮೇಲೇರುತ್ತಿರುವಾಗ, ಅವಳ ಬಲಗೈ ಬೆರಳು ಚಾದರದ ಮೇಲೆ ತಟ್ಟುತ್ತಿರುವುದನ್ನು ಬೆಕ್ಕು ನೋಡಿದಳು. ತುಟಿಯ ಒಂದು ಕೊನೆ ಅಲ್ಲಾಡುತ್ತಿತ್ತು. ಮಾತಿಲ್ಲ, ಪದವಿಲ್ಲ, ತಾಳ ಮಾತ್ರ. ಆ ತಾಳ ಅವಳಿಗೆ ಗೊತ್ತಿತ್ತು.

ಬೆಕ್ಕು ಪದ್ಯವನ್ನು ಬಾಯಿಬಿಟ್ಟು ಹೇಳಿದಳು. ತಾನೇ ಮೊದಲ ಸಲ ಕೇಳುತ್ತಿದ್ದಳು. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ತಿಳಿಯದೆ ತಡವರಿಸಿದಳು. ಕತ್ತಲೆಯ ಬಾಗಿಲು ತೆರೆಯಿತು, ಹಕ್ಕಿಗಳ ಸಾಲು ಬಂತು. ಅಲ್ಲಿ ಅಜ್ಜಿಯ ಬೆರಳು ನಿಂತು, ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಆಮೇಲೆ ಬೆರಳು ಮತ್ತೆ ತಟ್ಟಿತು. ಅಂದಿನಿಂದ ಅದು ದಿನದ ಪಾಠವಾಯಿತು. ಟೈಲರಮ್ಮ ಒಲೆಯ ಮುಂದೆ ನಿಂತೇ ಕೇಳುತ್ತಿದ್ದಳು. ಅಟ್ಟದಿಂದ ಕುಕ್ಕರ್ ಇಳಿಯಿತು. ಅದು ಕೂಗಿದ ಮೊದಲ ದಿನ ಮೂವರೂ ಬೆಚ್ಚಿಬಿದ್ದರು, ಆಮೇಲೆ ನಕ್ಕರು.

ರಜೆ ಮುಗಿಯಿತು. ಒಲೆಗೂ ಆಳು ಬೇಕು, ಪ್ಯಾಕಿಂಗ್ ಕೋಣೆಗೂ ಆಳು ಬೇಕು, ಯಾವುದಕ್ಕೆ ಬರುತ್ತೀಯೋ ಬಾ ಎಂದು ಮಾಲೀಕ ಹೇಳಿಕಳಿಸಿದ. ಒಲೆಯಣ್ಣ ಎರಡು ದಿನ ಲೆಕ್ಕ ಹಾಕಿದ. ಮೂರನೆಯ ಸಂಜೆ ಸ್ನಾನ ಮಾಡಿ, ಕೆಲಸದ ಬಿಳಿ ಅಂಗಿ ಹಾಕಿಕೊಂಡು ಬಂದು ತಟ್ಟೆಯ ಮುಂದೆ ಕೂತ.

“ಒಲೆಗೇ ಹೋಗ್ತೀನಿ,” ಎಂದ.

ಟೈಲರಮ್ಮ ಸೌಟು ಹಿಡಿದಲ್ಲೇ ನಿಂತಳು. ಅಮ್ಮನ ಔಷಧಿ ಯಾವ ಸಂಬಳದಲ್ಲಿ ಬರುತ್ತೆ ಹೇಳು ಎಂದ. ನಾನೂ ಹಗಲು ಯಂತ್ರ ತುಳಿದರೆ ಬರುತ್ತೆ, ಇಷ್ಟು ವರ್ಷ ತುಳಿಯಲು ಬಿಟ್ಟಿದ್ದೀರಾ ಎಂದಳು. ಅವನು ತಟ್ಟೆಯನ್ನೇ ನೋಡುತ್ತ, “ಆ ಒಲೆ ಬಿಟ್ಟರೆ ನಾನು ಯಾರೇ?” ಎಂದ. ಟೈಲರಮ್ಮನ ಕಣ್ಣು ತಗ್ಗಿತು. ಅವಳು ಅನ್ನ ಬಡಿಸಿದಳು.

ಉಂಡು ಎದ್ದವನು ಕೋಣೆಗೆ ಹೋಗಿ ತಾಯಿಯ ಹೊದಿಕೆ ಸರಿಮಾಡಿದ. ಅಜ್ಜಿ ಅವನ ಅಂಗಿಯ ತೋಳು ನೋಡಿದಳು, ಮುಖ ನೋಡಿದಳು. ಬಲಗೈ ಅವನ ಮುಂಗೈಯ ಸುಟ್ಟ ಕಲೆಯ ಮೇಲೆ ಹೋಗಿ ಕೂತಿತು. ಅವನು ಅದನ್ನು ಬಿಡಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು. ಹೊರಗೆ ಬಂದಾಗ ಬೆಕ್ಕು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು.

“ನಾಳೆಯಿಂದ ಅಜ್ಜಿ ನಡುಮನೇಲಿ ಮಲಗಲಿ,” ಎಂದ, ತೀರ ಮೆಲುದನಿಯಲ್ಲಿ. “ಬೆಳಿಗ್ಗೆ ನಾನು ಬರೋ ಹೊತ್ತಿಗೆ ಕಿಟಕಿಗೆ ಕಂಬಳಿ ಕಟ್ಟಿರು, ಪುಟ್ಟಾ.”

ಅಭ್ಯಾಸಬಲದಿಂದ ಟೈಲರಮ್ಮ ಮಗಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಬೆಕ್ಕು ಅದನ್ನು ನೋಡಿದಳು. ಪುಸ್ತಕ ಕೆಳಗಿಟ್ಟಳು. ಒಳಗೆ ಮಲಗಿದವಳಿಗೂ, ಬೀದಿಯ ಆಚೆ ಕೊನೆಯಲ್ಲಿದ್ದವರಿಗೂ ಕೇಳುವ ಹಾಗೆ ಹೇಳಿದಳು:

“ಇಲ್ಲ ಅಪ್ಪ. ನಾನು ಕಟ್ಟಲ್ಲ.”